ಒಂದೇ ವೈರಿನ ಎರಡು ಕೆಲಸ

ಗದಗ ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಬೆನ್ನಿಗೆ ಕಾರುಗಳೂ ಬಂದವು. ನನ್ನದು ಬೆಟಗೇರಿಯಲ್ಲಿ ಗ್ಯಾರೇಜು. ಜೀಪು, ಟ್ರ್ಯಾಕ್ಸು ಬಿಚ್ಚಿ ಕಲಿತ ಕೈ. ಮೈತುಂಬ ವೈರು ಸುತ್ತಿಕೊಂಡ ಹೊಸ ಗಾಡಿಗಳನ್ನೂ ಒಂದೊಂದಾಗಿ ಬಿಚ್ಚಿ ತಿಳಿದುಕೊಂಡೆ. ಮುಂದೆ ಮಾಡಿದ ತಪ್ಪನ್ನು ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಅಕ್ಕನ ಗಂಡನಿಗೆ ಮುಂಡರಗಿಯಲ್ಲಿ ಬೀಜದ ಅಂಗಡಿ. ಒಂದು ಮಳೆಗಾಲ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಡಂಬಳದ ಕಡೆಯ ಎರೆಹೊಲದ ದಾರಿಯಲ್ಲಿ ಅದು ಹೂತು ಕೂರುತ್ತಿತ್ತು. ಆಕ್ಸಿಲರೇಟರ್ ಎಷ್ಟು ತುಳಿದರೂ ಇಂಜಿನ್ ಏಳುವುದಿಲ್ಲ, ಗಾಡಿಗೆ ದಮ್ಮೇ ಇಲ್ಲ ಎಂದು ನನ್ನೆದುರು ಗೊಣಗಿದ. ದಮ್ಮಿಗೆ ಏನೂ ಆಗಿರಲಿಲ್ಲ. ಹಿಡಿತ ತಪ್ಪಿದ ಗಾಲಿ ಸುಮ್ಮನೆ ತಿರುಗತೊಡಗಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಆ ಗಾಲಿಗೆ ಬ್ರೇಕ್ ಹಾಕಿ ಇಂಜಿನ್ನಿನ ಬಲ ಇಳಿಸುತ್ತದೆ. ಡಾಂಬರಿನ ಮೇಲೆ ಅದು ಗಾಡಿಯನ್ನು ಕಾಪಾಡುತ್ತದೆ. ಎರೆಕೆಸರಿನಲ್ಲಿ ಮಾತ್ರ ಗಾಲಿ ತಿರುಗದೆ ಗಾಡಿ ಮೇಲೆ ಬಾರದು. ಟ್ರ್ಯಾಕ್ಷನ್ ಕಂಟ್ರೋಲ್ ಬಂದ್ ಮಾಡುವ ಗುಂಡಿ ಆ ಕಾರಿನಲ್ಲಿ ಕೆಟ್ಟಿತ್ತು.

ನಾನೊಂದು ಜಾಣತನ ಮಾಡಿದೆ. ಗಾಲಿಯ ವೇಗ ನೋಡುವ ಸೆನ್ಸರಿನ ವೈರು ಕಿತ್ತುಬಿಟ್ಟೆ. ಸ್ಟೇರಿಂಗಿನ ಮುಂದೆ ಹತ್ತಿಕೊಂಡ ಎರಡು ಹಳದಿ ದೀಪಗಳ ಮೇಲೆ ಕರಿ ಟೇಪು ಅಂಟಿಸಿದೆ. ಎರಡು ದೀಪ ಏಕೆಂದರೆ, ಎಬಿಎಸ್ಸಿಗೂ ಅದೇ ವೈರು ಕಣ್ಣು. ಬ್ರೇಕ್ ಒತ್ತಿದಾಗ ಗಾಲಿ ಬಿಗಿದು ಜಾರದ ಹಾಗೆ, ಕಣ್ಣು ಮಿಟುಕಿಸುವುದರೊಳಗೆ ಹಲವು ಸಲ ಸಡಿಲಿಸಿ ಹಿಡಿಯುವುದು ಎಬಿಎಸ್. ವೈರು ಹೋದರೆ ಎರಡೂ ಕುರುಡು. ನೆಗಡಿ ಬಂತೆಂದು ಮೂಗು ಕೊಯ್ದ ವೈದ್ಯ ನಾನು. ಹಳೆಯ ಟ್ರ್ಯಾಕ್ಸಿಗೆ ಇದೆಲ್ಲ ಎಲ್ಲಿತ್ತು, ಮಳೆ ಮುಗಿದ ಮೇಲೆ ಕೂಡಿಸಿದರಾಯಿತು ಎಂದುಕೊಂಡೆ. ಭಾವನಿಗೆ ಒಂದು ಮಾತೂ ಹೇಳಲಿಲ್ಲ. ಗಾಡಿ ಕೆಸರಿನಿಂದ ಎದ್ದು ಬಂತೆಂದು ಅವನು ಮುಂಡರಗಿ ತುಂಬ ನನ್ನನ್ನು ಹೊಗಳಿದ. ನಾನೂ ಉಬ್ಬಿದೆ.

ಹೆಸರುಕಾಳಿನ ಸುಗ್ಗಿ ಬಂತು. ನಮ್ಮಲ್ಲಿ ಆಗ ಡಾಂಬರ್ ರಸ್ತೆಯೇ ಕಣ. ಕಿತ್ತ ಹೆಸರಿನ ಗಿಡ ಹರವಿಬಿಟ್ಟರೆ ಓಡಾಡುವ ಗಾಡಿಗಳೇ ಪುಕ್ಕಟೆ ಒಕ್ಕಿ ಕೊಡುತ್ತವೆ. ಅಕ್ಕ, ಭಾವ ಲಕ್ಷ್ಮೇಶ್ವರದಲ್ಲಿ ಮದುವೆ ಮುಗಿಸಿ ಮಟಮಟ ಮಧ್ಯಾಹ್ನ ಶಿರಹಟ್ಟಿ ದಾಟಿ ಬರುತ್ತಿದ್ದರು. ಗಿಡ ತಿರುವಿ ಹಾಕುತ್ತಿದ್ದ ಹೆಂಗಸೊಬ್ಬಳು ಅಡ್ಡ ಬಂದಳು. ಭಾವ ಬ್ರೇಕ್ ಒತ್ತಿ ಸ್ಟೇರಿಂಗ್ ಎಳೆದ. ಎಬಿಎಸ್ ಇದ್ದಿದ್ದರೆ ಆ ಕಾಳಿನ ಮೇಲೆ ಗಾಡಿ ಬೇಗ ನಿಲ್ಲುತ್ತಿತ್ತು ಎನ್ನಲಾರೆ. ಆದರೆ ಸ್ಟೇರಿಂಗಿನ ಮಾತು ಕೇಳುತ್ತಿತ್ತು. ಗಾಲಿ ಬಿಗಿದು, ಗಾಡಿ ಅಡ್ಡಡ್ಡ ಜಾರಿ ಬೇವಿನ ಮರಕ್ಕೆ ಬಡಿಯಿತು. ಹೆಂಗಸು ಜಿಗಿದು ಉಳಿದಳು. ಮರಕ್ಕೆ ಬಡಿದದ್ದು ಅಕ್ಕ ಕುಳಿತ ಬದಿ. ಅಲ್ಲೇ ಹೋದಳು.

ಗಾಡಿ ಎಳೆದು ತರಲು ನನ್ನನ್ನೇ ಕರೆದರು. ಯಾರೂ ನೋಡದಾಗ ಟೇಪು ಕಿತ್ತು, ವೈರು ಕೂಡಿಸಿದೆ. ಅಕ್ಕನ ಮುಖ ನೋಡುವ ಮೊದಲೇ ಆ ಕೆಲಸ ಮುಗಿಸಿದ್ದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಬಗ್ಗೆ ಹೇಸಿಗೆಯಾಗುತ್ತದೆ.

ತಾನು ಬ್ರೇಕ್ ಗಟ್ಟಿಯಾಗಿ ಒತ್ತಲಿಲ್ಲವೇನೋ, ತೂಕಡಿಸಿದೆನೇನೋ ಎಂದು ಭಾವ ಬಂದವರೆದುರು ಬಡಬಡಿಸುತ್ತಿದ್ದ. ಅಕ್ಕನ ದಿವಸದ ಕಾರ್ಯ ಮುಗಿದ ಮೇಲೆ ಒಮ್ಮೆ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕುಳಿತ. ಚಹಾ ಮುಟ್ಟಲಿಲ್ಲ.

"ನೀ ಮೇಸ್ತ್ರಿ ಅದಿ, ಖರೆ ಹೇಳು. ಬ್ರೇಕ್ ಛಲೋ ಇದ್ವೋ ಇಲ್ಲೋ?"

"ಛಲೋ ಇದ್ವು," ಎಂದೆ.

ಅವನು ಸ್ಟೂಲಿನಿಂದ ಎದ್ದ. "ಹಂಗಾರ ಆಕಿನ್ನ ಕೊಂದಾಂವ ನಾನ," ಎಂದ.

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ.