ಮೂರು ಜೋಗಿಮಟ್ಟಿ ಎತ್ತರದ ಇಟಲಿ

ಇವತ್ತು ಬೆಳಿಗ್ಗೆ ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕಲು ಕೂತಿದ್ದೆ. ಸಲ್ಯೂಷನ್ನಿನ ಮುಚ್ಚಳ ತಿರುಗಿಸಿದ್ದೇ ತಡ, ಆ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಿಮಗೆ ಅದು ಹಿಡಿಸುತ್ತದೋ ಇಲ್ಲವೋ ಕಾಣೆ. ನನ್ನ ಹೆಂಡತಿ ಗಿರಿಜೆಗಂತೂ ತಲೆನೋವು ಬರುತ್ತದೆ. ನನಗೆ ಮಾತ್ರ ಅದು ದಾದಾಪೀರನ ವಾಸನೆ. ಚಿತ್ರದುರ್ಗದ ಹಳೇ ಪೇಟೆಯಲ್ಲಿ ಅವನದೊಂದು ಸೈಕಲ್ ಶಾಪಿತ್ತು. ಮೂವತ್ತು ವರ್ಷ ನನ್ನ ಸೈಕಲ್ಲಿನ ಒಂದು ಪಂಕ್ಚರನ್ನೂ ನಾನೇ ಹಾಕಿಕೊಂಡದ್ದಿಲ್ಲ. ಹಾಗಾಗಿಯೇ ಇವತ್ತು ಒಂದು ತೂತಿಗೆ ಮೂರು ಪ್ಯಾಚ್ ಅಂಟಿಸಿ, ಬೆರಳಿಗೆ ಬೆರಳು ಅಂಟಿಸಿಕೊಂಡು ಕೂತಿದ್ದೆ. ದಾದಾ ನೋಡಿದ್ದರೆ, "ಜಮೀನು ಅಳೆಯೋರಿಗೆ ಯಾಕ್ರೀ ಈ ಕೆಲ್ಸ, ಏಳ್ರಿ ಮ್ಯಾಕೆ" ಎಂದು ಕಿತ್ತುಕೊಳ್ಳುತ್ತಿದ್ದ.

ಮಗ್ಗುಲಲ್ಲೇ ಮೊಬೈಲಿತ್ತು. ಅದರಲ್ಲಿ ಯುರೋಪಿನ ಸೈಕಲ್ ಪ್ರವಾಸದ ಕಂಪನಿಯವರ ಪತ್ರ. ನಮ್ಮ ಬುಕಿಂಗನ್ನು ಎರಡು ಸಲ ಮುಂದಕ್ಕೆ ಹಾಕಿಸಿದ್ದೆ. ಇನ್ನು ಹಾಕುವುದಕ್ಕಾಗುವುದಿಲ್ಲ, ಈ ವಾರದೊಳಗೆ ಬರುತ್ತೀರೋ ಇಲ್ಲವೋ ಹೇಳಿಬಿಡಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ಸವಾರರ ಹೆಸರು ಎಂಬಲ್ಲಿ ಈಗಲೂ ಇಬ್ಬರ ಹೆಸರಿತ್ತು.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರಾಗಿದ್ದವನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಹೀಗೆ ಸುತ್ತಲಿನ ತಾಲ್ಲೂಕುಗಳ ಹೊಲದ ಬದುಗಳ ಮೇಲೆಲ್ಲ ಸರಪಳಿ ಎಳೆದಿದ್ದೇನೆ. ಹರಿಯಬ್ಬೆಯಲ್ಲಿ ಅಣ್ಣತಮ್ಮಂದಿರಿಬ್ಬರು ಒಂದು ಮೊಳ ಜಾಗಕ್ಕೆ ನನ್ನ ಎದುರೇ ಕುಡುಗೋಲು ಎತ್ತಿದ್ದರು. ಆವತ್ತು ನನ್ನ ಜೀವ ಉಳಿಸಿದ್ದು ಅಳತೆಯಲ್ಲ, ಸೈಕಲ್ಲು. ಆ ಸೈಕಲ್ಲನ್ನು ಸದಾ ಓಡುವಂತೆ ಇಟ್ಟವನು ದಾದಾ. ಮೊದಲು ಗಿರಾಕಿಯಾದೆ, ಆಮೇಲೆ ಗೆಳೆಯನಾದೆ, ಆಮೇಲೆ ಭಾನುವಾರ ಬಂದರೆ ಇಬ್ಬರೂ ಸೈಕಲ್ ಹತ್ತಿ ಹೊರಡುವ ಚಾಳಿ ಹತ್ತಿತು. ತುರುವನೂರಿಗೆ ಹೋಗಿ ಮಿರ್ಚಿ ತಿಂದು ಬರುವುದು, ಬಬ್ಬೂರಿನವರೆಗೆ ಹೋಗಿ ಎಳನೀರು ಕುಡಿದು ಬರುವುದು. ಇದಕ್ಕೆ ವ್ಯಾಯಾಮ ಅಂತ ಹೆಸರಿಟ್ಟಿದ್ದೆವು, ಹೊಟ್ಟೆಗಳು ಮಾತ್ರ ನಂಬಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಿದ್ದರೆ ಅದು ಯಾಕೆಂದು ಹೇಳಬೇಕಾಗಿಲ್ಲ. ಗುಡ್ಡಗಳ ಮೇಲೆ ಸಾಲಾಗಿ ಗಾಳಿ ಫ್ಯಾನುಗಳನ್ನು ಸುಮ್ಮನೆ ನೆಟ್ಟಿಲ್ಲ. ಎದುರುಗಾಳಿಯಲ್ಲಿ ಒಬ್ಬ ಮುಂದೆ ಹೋಗಿ ಗಾಳಿ ಸೀಳಬೇಕು, ಇನ್ನೊಬ್ಬ ಅವನ ಬೆನ್ನ ಮರೆಯಲ್ಲಿ ಬರಬೇಕು. ಕೂಗಿದರೆ ಕೇಳುವುದಿಲ್ಲ. ಅದಕ್ಕೇ ಹಿಂದಿನವನು ಪ್ರತಿ ಕಿಲೋಮೀಟರ್ ಕಲ್ಲಿನ ಹತ್ತಿರ ಎರಡು ಸಲ ಬೆಲ್ ಹೊಡೆಯಬೇಕು. ಇದ್ದೀನಿ ಅಂತ. ಮುಂದಿನವನು ಎಡಗೈ ಎತ್ತಬೇಕು. ಕೇಳಿತು ಅಂತ. ದಾದಾ ಯಾವಾಗಲೂ ಹಿಂದೆ. "ಮೆಕ್ಯಾನಿಕ್ಕು ಹಿಂದಿರಬೇಕು ಸಾಹೇಬ್ರೆ. ಬಿಚ್ಚಿ ಬಿದ್ದಿದ್ದು ಆರಿಸ್ಕಂಡು ಬರಾಕೆ ಯಾರಾದ್ರೂ ಬ್ಯಾಡ್ವಾ?" ಅನ್ನುತ್ತಿದ್ದ. ಅವನ ಹಿತ್ತಾಳೆ ಬೆಲ್ಲಿನ ಸದ್ದು ಎಂಥ ಗಾಳಿಯಲ್ಲೂ ನನಗೆ ಮುಟ್ಟುತ್ತಿತ್ತು.

ನಾನು ನಿವೃತ್ತನಾದ ವರ್ಷ ಯುರೋಪಿನ ಹುಚ್ಚು ಹಿಡಿಯಿತು. ಹಚ್ಚಿದ್ದು ನಾನೇ, ಅವನಲ್ಲ. ಕಂಪನಿಯವರ ಪುಸ್ತಿಕೆಯನ್ನು ಪ್ರಿಂಟ್ ಹಾಕಿಸಿಕೊಂಡು ಬಂದೆ. ದಾದಾ ಸಂಜೆಯ ನಮಾಜು ಮುಗಿಸಿ ಬಂದ ಮೇಲೆ ಶಾಪಿನ ಬೆಂಚಿನ ಮೇಲೆ ಅದನ್ನು ಹರಡಿಕೊಂಡು ಕೂರುತ್ತಿದ್ದೆವು. ನಾಲ್ಕು ತಿಂಗಳು ಹೆಣ್ಣು ನೋಡುವವರಂತೆ ಪ್ರವಾಸ ನೋಡಿದೆವು. ಇಂಗ್ಲಿಷಿನಲ್ಲಿದ್ದದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ, ಬೇಕಾದದ್ದನ್ನು ಉಬ್ಬಿಸಿ, ಬೇಡದ್ದನ್ನು ನುಂಗಿ.

"ಈ ದಿನ ಎಂಟುನೂರು ಮೀಟರ್ ಏರು" ಎಂದರೆ ಅವನು ಗಡ್ಡ ಕೆರೆದುಕೊಳ್ಳುವನು.

"ಅಂದ್ರೆ ಎಷ್ಟು ಜೋಗಿಮಟ್ಟಿ?"

ಊರ ಮಗ್ಗುಲಿನ ಜೋಗಿಮಟ್ಟಿ ಬೆಟ್ಟದ ದಾರಿಯೇ ಅವನ ಅಳತೆಗೋಲು. ನಾನು ಸರ್ವೇಯರನಲ್ಲವೇ, ಲೆಕ್ಕ ಹಾಕಿ ಹೇಳುತ್ತಿದ್ದೆ. ಆಲ್ಪ್ಸ್ ಪರ್ವತದ ಪ್ರವಾಸ ದಿನಕ್ಕೆ ಆರು ಜೋಗಿಮಟ್ಟಿ ಬಂತು. "ಅದು ಹೋಗೋದಲ್ಲ, ಹೊತ್ಕಂಡು ಹೋಗೋದು" ಎಂದು ಅವನು ಆ ಹಾಳೆಯನ್ನು ಮಡಿಸಿಟ್ಟ. ನದಿಯ ದಂಡೆಗುಂಟ ಸಪಾಟು ದಾರಿಯ ಪ್ರವಾಸ ಒಂದಿತ್ತು, ಅವನ ಮನಸ್ಸು ಅದರ ಮೇಲೇ ಇತ್ತು. ಅದು ಮುದುಕರಿಗೆ ಅಂದವನು ನಾನು. ಕೊನೆಗೆ ಇಟಲಿಯ ಗುಡ್ಡಗಾಡಿಗೆ ರಾಜಿಯಾದೆವು: ದಿನಕ್ಕೆ ಮೂರು ಜೋಗಿಮಟ್ಟಿ.

ಅವನಿಗೆ ಎಲ್ಲಕ್ಕಿಂತ ಸೋಜಿಗವಾಗಿದ್ದು ವ್ಯಾನು. ಸವಾರರ ಹಿಂದೆ ದಿನವಿಡೀ ಒಂದು ವ್ಯಾನು ಬರುತ್ತದೆ, ಅದರಲ್ಲಿ ನಮ್ಮ ಗಂಟುಮೂಟೆ, ನೀರು, ಬಾಳೆಹಣ್ಣು, ಸುಸ್ತಾದವರಿಗೆ ಸೀಟು, ಜೊತೆಗೊಬ್ಬ ಮೆಕ್ಯಾನಿಕ್ಕು ಎಂದು ಓದಿದಾಗ ಅವನು ಬೆಂಚಿನಿಂದ ಎದ್ದೇಬಿಟ್ಟ.

"ಅರೆ! ಹಿಂದೆ ಬರಾಕೆ ಸಂಬಳ ಕೊಟ್ಟು ಇಟ್ಕಂಡವ್ರೆ! ನಾನು ಮೂವತ್ತು ವರ್ಷ ನಿಮ್ಮಿಂದೆ ಪುಕ್ಕಟೆ ಬಂದ್ನಲ್ರೀ." ಮತ್ತೆ ಬೆಂಚಿನ ಮೇಲೆ ಕೂತು, "ಒಂದಿನ ನಾನು ಸೈಕಲ್ ತುಳಿಯಾಕಿಲ್ಲ ಸಾಹೇಬ್ರೆ. ವ್ಯಾನಾಗೆ ಆವಯ್ಯನ ಪಕ್ಕ ಕುಂತ್ಕತೀನಿ. ಅವ್ನ ನಟ್ಟು ಬಿಚ್ಚೋ ಪಾನಾ ಎಲ್ಲ ಹೆಂಗವೆ ಅಂತ ಒಂದ್ಸಲ ಕೈಯಾಗೆ ಹಿಡ್ಕಂಡು ನೋಡ್ಬೇಕು" ಎಂದ. ಇಟಲಿಯಲ್ಲಿ ಅವನಿಗೆ ನೋಡಬೇಕೆನಿಸಿದ್ದು ಅಷ್ಟೇ.

ತಯಾರಿಗೆಂದು ಹಗುರ ಸೈಕಲ್ಲು ಎರಡು ತರಿಸಿದೆವು. ಬಂದ ದಿನವೇ ದಾದಾ ಎರಡಕ್ಕೂ ಹಿತ್ತಾಳೆ ಬೆಲ್ ಬಿಗಿದು, ಒರೆಸಿ ಫಳಫಳ ಮಾಡಿ ನಿಲ್ಲಿಸಿದ್ದ. ನನಗೆ ಮೈಯೆಲ್ಲ ಉರಿಯಿತು.

"ಥೂ, ತೆಗಿಯಪ್ಪ ಅದನ್ನ! ನಾವು ನೋಡಿದ ರೇಸ್ ವಿಡಿಯೋದಾಗೆ ಒಬ್ಬನ ಸೈಕಲ್ಲಿಗಾದ್ರೂ ಬೆಲ್ ಐತೇನು? ಹಾಲು ಮಾರೋರ ಸೈಕಲ್ ಥರ ಕಾಣ್ತೈತೆ. ಯುರೋಪಿನೋರು ನಗ್ತಾರೆ."

"ಬೆಲ್ ಇಲ್ದಿದ್ರೆ ಮೂಗ ಸೈಕಲ್ ಆಗ್ತೈತಲ್ರೀ."

"ಅಲ್ಲಿಗೆ ಹೋಗೋದಾದ್ರೆ ಅಲ್ಲಿಯೋರ ಥರ ಇರ್ಬೇಕು ದಾದಾ."

ಅವನು ಪಾನಾ ತೆಗೆದುಕೊಂಡು ಎರಡನ್ನೂ ಬಿಚ್ಚಿದ. ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಅದಾಗಿ ಮೂರನೆಯ ಭಾನುವಾರ. ಆಷಾಢ. ಹೊಳಲ್ಕೆರೆ ದಾಟಿ ಹೊಸದುರ್ಗದ ರಸ್ತೆ ಹಿಡಿದಿದ್ದೆವು. ಎದುರುಗಾಳಿ ಮುಖಕ್ಕೆ ಮಣ್ಣು ಎರಚುತ್ತಿತ್ತು. ನಾನು ಮುಂದೆ, ಅವನು ಹಿಂದೆ. ಹ್ಯಾಂಡಲ್ ಮೇಲೆ ವೇಗ ತೋರಿಸುವ ಹೊಸ ಮೀಟರಿತ್ತು, ನನ್ನ ಕಣ್ಣು ಅದರಲ್ಲೇ ನೆಟ್ಟಿತ್ತು. ಕಿಲೋಮೀಟರ್ ಕಲ್ಲುಗಳು ಒಂದಾದ ಮೇಲೊಂದು ಸುಮ್ಮನೆ ಹಿಂದೆ ಹೋದವು. ಹಿಂತಿರುಗಿ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಮೂವತ್ತು ವರ್ಷ ನೋಡದೆಯೇ ಅವನು ಇದ್ದನಲ್ಲ, ಅದೇ ಅಭ್ಯಾಸ.

ರಸ್ತೆ ಪಕ್ಕದ ಒಂದು ಗೂಡಂಗಡಿಯಲ್ಲಿ ಇಳಿದು ಎರಡು ಟೀ ಹೇಳಿದೆ. ನನ್ನದನ್ನು ಕುಡಿದೆ. ಅವನ ಟೀ ಮೇಲೆ ಕೆನೆ ಕಟ್ಟಿತು. "ಇನ್ನೊಬ್ರು ಎಲ್ರೀ?" ಎಂದು ಅಂಗಡಿಯವನು ಕೇಳಿದಾಗಲೇ ಚೀಲದಿಂದ ಮೊಬೈಲ್ ತೆಗೆದು ನೋಡಿದ್ದು. ದಾದಾ ಮೂರು ಸಲ ಫೋನ್ ಮಾಡಿದ್ದ.

ಆರು ಕಿಲೋಮೀಟರ್ ಹಿಂದೆ ಒಂದು ಹುಣಸೆ ಮರದ ಬುಡದಲ್ಲಿ ಅವನನ್ನು ಒರಗಿಸಿದ್ದರು. ಹೊಲದಲ್ಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. "ಎದೆ ಹಿಡ್ಕಂಡು ಎಷ್ಟು ಕೂಗಿದ್ರಪ್ಪ ನಿನ್ನ! ನಾನೂ ಕೂಗ್ದೆ. ತಿರುಗಿ ಸೈತ ನೋಡ್ಲಿಲ್ವಲ್ಲ" ಎಂದಳು. ಅವನಿಗಿನ್ನೂ ಪ್ರಜ್ಞೆಯಿತ್ತು. ನನ್ನ ಸೈಕಲ್ಲಿನ ಹಿಂದಿನ ಚಕ್ರ ನೋಡಿ, "ಗಾಳಿ ಕಮ್ಮಿ ಐತೆ" ಎಂದ. ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಹೊಳಲ್ಕೆರೆಗೆ ಬರುವ ದಾರಿಯಲ್ಲಿ ಹೋಗಿಬಿಟ್ಟ. ಬೇಗ ಬಂದಿದ್ದರೆ ನೋಡಬಹುದಿತ್ತು ಎಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಯಾರೆಂದು ನನಗೆ ಮುಖ ನೆನಪಿಲ್ಲ, ಮಾತು ನೆನಪಿದೆ.

ಅವನ ಹೆಂಡತಿ ಶಮೀಮ್ ಭಾಬಿಗೆ ಎದೆನೋವಿನ ಸಂಗತಿ ಹೇಳಿದೆ, ಮಣ್ಣಿಗೆ ಹೆಗಲು ಕೊಟ್ಟೆ. ಬೆಲ್ಲಿನ ಸಂಗತಿ ಮಾತ್ರ ಹೇಳಲಿಲ್ಲ. ಅದಾದ ಮೇಲೂ ಪ್ರತಿ ರಂಜಾನಿಗೆ ಆಕೆ ಡಬ್ಬಿಯಲ್ಲಿ ಸುರಕುಂಬಾ ಕಳಿಸುತ್ತಾರೆ. ಆ ಶ್ಯಾವಿಗೆ ಪಾಯಸವನ್ನು ನಾನು ಒಂದು ಚಮಚವೂ ಮುಟ್ಟುವುದಿಲ್ಲ. ಗಿರಿಜೆ ತಿಂದು, ಡಬ್ಬಿ ತೊಳೆದು, ಸಕ್ಕರೆ ತುಂಬಿ ವಾಪಸ್ ಕಳಿಸುತ್ತಾಳೆ.

ಇರಲಿ, ಇವತ್ತಿನ ಪತ್ರಕ್ಕೆ ಬರುತ್ತೇನೆ. ಅದರ ಕೊನೆಯಲ್ಲಿ ಸೈಕಲ್ಲಿನ ವಿವರದ ಒಂದು ಪುಟವಿತ್ತು. ಹಳೇ ಪುಸ್ತಿಕೆಯಲ್ಲೂ ಇದ್ದದ್ದೇ, ಕೆಲಸಕ್ಕೆ ಬಾರದ್ದೆಂದು ನಾನು ಪ್ರಿಂಟ್ ಹಾಕಿಸಿರಲಿಲ್ಲ. ಇವತ್ತು ಬೆರಳು ಅಂಟಿಕೊಂಡಿದ್ದರಿಂದ ಮೊಬೈಲ್ ಮುಚ್ಚಲಾಗದೆ ಓದಿದೆ. ಅಲ್ಲೊಂದು ಸಾಲಿತ್ತು: ನಮ್ಮ ಎಲ್ಲ ಸೈಕಲ್ಲುಗಳಿಗೂ ಬೆಲ್ ಇರುತ್ತದೆ, ಇಲ್ಲಿನ ಕಾನೂನಿನಂತೆ ಅದು ಕಡ್ಡಾಯ.

ಎರಡು ಸಲ ಓದಿದೆ. ಹಾಗೇ ಎದ್ದು, ಕೈ ಕೂಡ ತೊಳೆಯದೆ, ಹಳೇ ಪೇಟೆಗೆ ನಡೆದೆ.

ಭಾಬಿ ಅಕ್ಕಿ ಆರಿಸುತ್ತಿದ್ದರು. "ಬರ್ರಿ ಭಾಯ್, ಕುಂತ್ಕಳ್ರಿ" ಎಂದರು. ನಾನು ನಿಂತೇ ಎಲ್ಲ ಹೇಳಿದೆ. ನನ್ನ ಶೋಕಿಗೆ ಬೆಲ್ ಬಿಚ್ಚಿಸಿದ್ದು, ತಿರುಗಿ ನೋಡದೇ ಹೋದದ್ದು, ಆ ದೇಶದಲ್ಲಿ ಬೆಲ್ಲಿಲ್ಲದೆ ರಸ್ತೆಗೇ ಇಳಿಯುವಂತಿಲ್ಲ ಎಂಬುದು. ಆಕೆಯ ಬೆರಳು ಮೊರದಲ್ಲಿ ಹಾಗೇ ನಿಂತಿತು.

"ಗೊತ್ತಿತ್ತು. ಬಿಚ್ಚಿದ ದಿನಾನೇ ಮನಿಗೆ ಬಂದು ಹೇಳಿದ್ರು. ಸಾಹೇಬ್ರಿಗೆ ನಾಚ್ಕೆ ಆಗ್ತೈತಂತೆ ಅಂತ ನಕ್ರು. ನೀವು ಯಾವಾಗ ಹೇಳ್ತೀರೋ ಅಂತ ಕಾಯ್ತಿದ್ದೆ."

"ತಪ್ಪಾಯ್ತು ಭಾಬಿ. ಮಾಫ್ ಮಾಡ್ರಿ."

"ಅದು ನಾನು ಕೊಡೋದಲ್ಲ ಭಾಯ್" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಒಳಗೆ ಹೋಗಿ, ದಾದಾ ಆವತ್ತು ಬಿಚ್ಚಿ ತಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬೆಲ್ಲೊಂದನ್ನು ತಂದು ನನ್ನ ಅಂಟುಗೈಯಲ್ಲಿ ಇಟ್ಟರು. ಹಿತ್ತಾಳೆ ಕಪ್ಪಾಗಿತ್ತು. "ಅವ್ರು ನೋಡ್ಬೇಕು ಅಂತಿದ್ದ ಊರು. ಹೋಗ್ ಬರ್ರಿ. ತಿರುಗಿ ತಿರುಗಿ ನೋಡ್ಕಂತ ಹೋಗ್ರಿ, ಅಷ್ಟೇ."

ಮನೆಗೆ ಬಂದು ಬೆಲ್ಲನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಸೈಕಲ್ಲಿಗೆ ಬಿಗಿದೆ. ಆಮೇಲೆ ಕಂಪನಿಯವರ ಅರ್ಜಿ ತುಂಬಲು ಕೂತೆ. ಸವಾರರು ಎಂಬಲ್ಲಿ ಒಂದು ಹೆಸರು ಅಳಿಸಬೇಕಿತ್ತು, ಅದಕ್ಕೆ ಬಹಳ ಹೊತ್ತು ಹಿಡಿಯಿತು. ವೇಗದ ಪ್ರಕಾರ ಯಾವ ಗುಂಪು ಬೇಕು ಎಂಬಲ್ಲಿ ಎಲ್ಲರಿಗಿಂತ ಹಿಂದಿನದು ಎಂದು ಬರೆದೆ. ವಿಶೇಷ ಕೋರಿಕೆ ಏನಾದರೂ ಇದೆಯೇ ಎಂದು ಕೇಳಿದ್ದರು. ಒಂದು ದಿನ ಸೈಕಲ್ ತುಳಿಯದೆ ವ್ಯಾನಿನಲ್ಲಿ ಮೆಕ್ಯಾನಿಕ್ಕಿನ ಪಕ್ಕ ಕೂರಬೇಕು, ಅವರ ಪಾನಾಗಳನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು ಎಂದು ಬರೆದು ಕಳಿಸಿದೆ. ಯಾಕೆ ಎಂದು ಅವರು ಕೇಳಿದರೆ ಏನು ಹೇಳಬೇಕೋ ಇನ್ನೂ ಗೊತ್ತಾಗಿಲ್ಲ.