ಇಂಜಿನ್ನಿಗೆ ಕಿವಿಯಿಟ್ಟವನು

ಶಿಕಾರಿಪುರದ ಆ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಚಪ್ಪಲಿ ಕಳಚುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ಇಂಜಿನ್ನಿಗೆ ಕಿವಿ ಕೊಡುತ್ತಿದ್ದ. ಯಾವ ಗಾಡಿ ಬಂದರೂ ಕಾಯಿಲೆ ಒಂದೇ: "ನೀರು ಕುಡ್ದೈತಿ ನೋಡ್ರಿ." ಬಿರುಬೇಸಿಗೆಯಲ್ಲೂ ಹಾಗೆಯೇ ಅಂದಿದ್ದನೆಂದು ನೆನಪು, ಸಿಟ್ಟಿನಲ್ಲಿ ನಾನೇ ಸೇರಿಸಿಕೊಂಡದ್ದೂ ಇರಬಹುದು.

ನಮ್ಮ ಹಳೆಯ ಕಾರು ಸ್ಟಾರ್ಟ್ ಆಗಿ, ತುಸು ದೂರ ಓಡಿ ನಿಲ್ಲುತ್ತಿತ್ತು. ಸೊರಬದಲ್ಲಿ ಅಕ್ಕನಿಗೆ ಟೀಚರ್ ಕೆಲಸದ ಸಂದರ್ಶನವಿದ್ದ ಬೆಳಿಗ್ಗೆಯೂ ನಿಂತಿತು. ತಳ್ಳಿಕೊಂಡು ಅವನ ಅಂಗಡಿಗೆ ಹೋದೆವು.

"ಗಡಿಬಿಡಿ ಮಾಡಬ್ಯಾಡ್ರಿ ಅಕ್ಕಾರೆ, ಕೇಳಿಸ್ಕೊಂತಿದೀನಿ," ಎಂದ.

"ಕೇಳಿದ್ದು ಸಾಕು, ಕೈ ಆಡಿಸ್ರೀ," ಎಂದಳು ಅಕ್ಕ.

ಅವನು ಪ್ಲಗ್ ಒರೆಸಿದ, ಪೈಪ್ ಊದಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಊರು ದಾಟುತ್ತಲೇ ಕಾರು ಮತ್ತೆ ನಿಂತಿತು. ಪೆಟ್ರೋಲಾದರೂ ಇದೆಯೇ ಎಂದು ಅಕ್ಕ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಉಸ್ಸೆಂದು ಗಾಳಿ ಒಳಹೋಯಿತು. ಮುಚ್ಚಳದಡಿ ಮಡಿಸಿದ ಪ್ಲಾಸ್ಟಿಕ್ ಚೀಲವಿತ್ತು. ನೀರಿಳಿಯದಿರಲೆಂದು ಅವನೇ ಎಲ್ಲ ಗಾಡಿಗಳಿಗೂ ಬಿಗಿಯುತ್ತಿದ್ದ ರಕ್ಷೆ ಅದು. ಗಾಳಿಯಾಡದ ಟ್ಯಾಂಕಿನಿಂದ ಪೆಟ್ರೋಲ್ ಮುಂದಕ್ಕೆ ಹರಿಯುತ್ತಿರಲಿಲ್ಲ, ಅಷ್ಟೇ. ಚೀಲ ಕಿತ್ತೆಸೆದ ಮೇಲೆ ಕಾರು ಸೊರಬದವರೆಗೂ ನಿಲ್ಲಲಿಲ್ಲ. ಅಷ್ಟರಲ್ಲಿ ಸಂದರ್ಶನ ಮುಗಿದು, ಕೆಲಸ ಬೇರೆಯವರದ್ದಾಗಿತ್ತು.

ವಾಪಸು ಬರುವಾಗ ಅಕ್ಕ ಅವನ ಅಂಗಡಿಯ ಮುಂದೆ ಇಳಿದು ನಡೆದದ್ದನ್ನೆಲ್ಲ ಹೇಳಿದಳು. ಅವನು ಪೂರ್ತಿ ಕೇಳಿ, ಗಂಭೀರವಾಗಿ ತಲೆಯಾಡಿಸಿದ.

"ಒಳ್ಳೇದೇ ಆತು ಬಿಡ್ರಿ ಅಕ್ಕಾರೆ. ದಿನಾ ಸೊರಬಕ್ಕೆ ಹೋಗಿ ಬರಾಕ ಈ ಗಾಡಿ ತಡೀತಿರಲಿಲ್ಲ."