ಬ್ರೆಡ್ಡಕ್ಕನ ನಲವತ್ತೆಂಟು

ಊರು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ಬೇಕರಿಯ ಹಿಂದಿನ ಕೋಣೆಗೆ ಮಾತ್ರ ಬೆಳಗಾಗಿ ಬಹಳ ಹೊತ್ತಾಗಿದೆ. ಭಟ್ಟಿಯಿಂದ ಇಳಿದ ಬ್ರೆಡ್ಡು ತಟ್ಟೆ ತಟ್ಟೆಯಾಗಿ ಉದ್ದನೆಯ ಮೇಜಿಗೆ ಬರುತ್ತಿದೆ. ಮೇಜಿನ ತುದಿಯಲ್ಲಿ ನಿಂತ ಹೆಂಗಸು ಒಂದೊಂದು ಬ್ರೆಡ್ಡಿನ ಬೆನ್ನಿಗೂ ಕೈಯ ಹಿಂಬದಿ ತಾಗಿಸಿ ನೋಡುತ್ತಾರೆ. ಆರಿದ್ದರೆ ಕವರಿಗೆ, ಇಲ್ಲದಿದ್ದರೆ ಪಕ್ಕಕ್ಕೆ. ಬಿಸಿಯಲ್ಲೇ ಕಟ್ಟಿದ ಬ್ರೆಡ್ಡು ಒಳಗೊಳಗೇ ಬೆವತು ಬೇಗ ಬೂಷ್ಟು ಹಿಡಿಯುತ್ತದೆ. ಕೈ ಇಲ್ಲಿ ಕೆಲಸ ಮಾಡುತ್ತಿದ್ದರೂ ಅವರ ಕಿವಿ ಹಿತ್ತಿಲ ಬಾಗಿಲಲ್ಲಿದೆ. ಅಲ್ಲಿ ಒಂದೊಂದೇ ಸೈಕಲ್ಲು ಸ್ಟ್ಯಾಂಡು ಬಿಟ್ಟು ಹೊರಡುತ್ತಿದೆ. ಗೋಡೆಗೆ ಒರಗಿ ನಿಂತಿರುವುದು ಒಂದೇ ಒಂದು. ಅದು ಇವರದು.

ಈ ಊರಿನ ಮೇಲಿನ ಬೀದಿಗಳಿಗೆ ಬೆಳಗಿನ ಬ್ರೆಡ್ಡು ತಂದುಕೊಡುವವರು ಇವರೇ. ಹೆಸರು ಹಿಡಿದು ಕರೆಯುವವರಿಲ್ಲ. ಮಕ್ಕಳಿಗೂ ಬ್ರೆಡ್ಡಕ್ಕ, ಹಲ್ಲಿಲ್ಲದ ಅಜ್ಜಂದಿರಿಗೂ ಬ್ರೆಡ್ಡಕ್ಕ. ಊರು ಗುಡ್ಡಕ್ಕೆ ಆತುಕೊಂಡಿದೆ. ಬೇಕರಿ ಇರುವುದು ಬುಡದಲ್ಲಿ, ತಿನ್ನುವ ಬಾಯಿಗಳು ಇರುವುದು ನೆತ್ತಿಯಲ್ಲಿ. ಸೈಕಲ್ಲಿನ ಹಿಂದೆ ತಗಡಿನ ದೊಡ್ಡ ಪೆಟ್ಟಿಗೆ, ಹ್ಯಾಂಡಲಿನ ಎರಡೂ ಕಡೆ ಬನ್ನಿನ ಚೀಲ. ದಿನಕ್ಕೆ ಮೂರು ಸುತ್ತು. ಸಪಾಟು ಬೀದಿಗಳನ್ನು ಗಂಡಸರು ಹಂಚಿಕೊಂಡಿದ್ದಾರೆ. ಏರು ಮಾತ್ರ ಮೊದಲಿನಿಂದಲೂ ಇವರ ಪಾಲಿನದು.

“ಕೇಳಿ ತಗೊಂಡಿದ್ದಲ್ಲ, ತಲೆಗೆ ಬಂದಿದ್ದು,” ಎನ್ನುತ್ತಾರೆ. “ಮಾವನವರ ಕೆಲಸ ಅದು. ಅವರ ಮಂಡಿ ಕೈಕೊಟ್ಟಾಗ ಮನೇಲಿ ಬೇಕರಿ ಸೈಕಲ್ ಇತ್ತು, ಹೊಡೆಯೋರು ಇರಲಿಲ್ಲ. ನಮ್ಮವರು ರಾತ್ರಿಯೆಲ್ಲ ಭಟ್ಟಿ ಮುಂದೆ. ಬೆಳಿಗ್ಗೆ ಕಣ್ಣು ಬಿಡೋಕೂ ಆಗ್ತಿರಲಿಲ್ಲ ಅವರಿಗೆ.”

ಮದುವೆಯಾಗಿ ಬಂದ ಸೊಸೆಗೆ ಸೈಕಲ್ಲು ಕಲಿಸಿದವರು ಅತ್ತೆ. ಅತ್ತೆಗೂ ಸೈಕಲ್ಲು ಬರುತ್ತಿರಲಿಲ್ಲ, ಬೈಯುವುದು ಬರುತ್ತಿತ್ತು. ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ಓಡುತ್ತಾ, “ಮುಂದೆ ನೋಡೇ, ನನ್ನ ಮುಖದಲ್ಲಿ ಏನಿದೆ!” ಎಂದು ಕೂಗುತ್ತಿದ್ದರಂತೆ. ಒಂದು ದಿನ ಬೈಗುಳ ಬರಬರುತ್ತಾ ದೂರವಾಯಿತು. ತಿರುಗಿ ನೋಡಿದರೆ ಅತ್ತೆ ಎಷ್ಟೋ ಹಿಂದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಅಂದಿನಿಂದ ಇಂದಿನವರೆಗೆ ಮಳೆಯಿರಲಿ, ಬಿಸಿಲಿರಲಿ, ಎರಡು ಬಾಣಂತನ ಬಿಟ್ಟರೆ ಆ ಏರು ಇವರನ್ನು ಕಾಣದ ಬೆಳಗಿಲ್ಲ.

ಹಾಗಿದ್ದವರು ಒಂದು ವಾರದಿಂದ ಮೇಜಿನ ಮುಂದೆ ಯಾಕೆ ನಿಂತಿದ್ದಾರೆ ಎಂದರೆ, ಅದಕ್ಕೆ ಕಾರಣ ಬೆರಳಿಗೆ ಸಿಕ್ಕಿಸುವ ಒಂದು ಸಣ್ಣ ಯಂತ್ರ. ತಿನ್ನುವ ಪದಾರ್ಥ ಮುಟ್ಟುವವರಿಗೆಲ್ಲ ಆರೋಗ್ಯ ತಪಾಸಣೆ ಆಗಬೇಕೆಂದು ಬೇಕರಿಯ ಚಿಕ್ಕ ಯಜಮಾನರು ಎಲ್ಲರನ್ನೂ ಕೂರಿಸಿದ್ದರು. ಒಬ್ಬೊಬ್ಬರ ಬೆರಳಿಗೂ ಯಂತ್ರ ಕಚ್ಚಿತು. ಒಬ್ಬರಿಗೆ ಎಪ್ಪತ್ತೆರಡು, ಇನ್ನೊಬ್ಬರಿಗೆ ಎಂಬತ್ತನಾಲ್ಕು. ಬ್ರೆಡ್ಡಕ್ಕನ ಬೆರಳಿಗೆ ಬಂದಾಗ ನಲವತ್ತೆಂಟು ತೋರಿಸಿ ಕುಯ್ಯೋ ಎಂದಿತು. ನಿಮಿಷಕ್ಕೆ ಹೃದಯ ಅಷ್ಟೇ ಸಲ ಬಡಿಯುತ್ತಿದೆ, ದೊಡ್ಡವರಿಗೆ ಸುಮ್ಮನೆ ಕೂತಾಗ ಅರವತ್ತರಿಂದ ನೂರರ ಒಳಗಿರಬೇಕು, ಮುಂದಿನ ವಾರ ಆಸ್ಪತ್ರೆಗೆ ಬಂದು ಮತ್ತೆ ತೋರಿಸಿ ಎಂದು ತಪಾಸಣೆಗೆ ಬಂದವರು ಬರೆದುಕೊಟ್ಟರು.

ಯಜಮಾನರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. “ಅಕ್ಕಾ, ಏರಿನಲ್ಲಿ ನಿಮಗೆ ಏನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಆಸ್ಪತ್ರೆಗೆ ತೋರಿಸೋವರೆಗೂ ಮೇಜಿನ ಕೆಲಸ ನೋಡ್ಕೊಳ್ಳಿ. ಸಂಬಳ ಅದೇ.”

“ಮತ್ತೆ ಅಷ್ಟೇ ಬಂದ್ರೆ?”

“ಬಂದ್ರೆ ಏರಿಗೆ ಒಂದು ವ್ಯಾನ್ ಮಾಡಿಬಿಡ್ತೀನಿ. ನಿಮಗೆ ಮೇಜು ಇದ್ದೇ ಇದೆಯಲ್ಲ.”

ಆ ಮಾತು ಬ್ರೆಡ್ಡಕ್ಕನ ಎದೆಗೆ ನಾಟಿದ ಹಾಗೆ ಯಾವ ಯಂತ್ರವೂ ನಾಟಿರಲಿಲ್ಲ. ಮನೆಗೆ ಬಂದು ಹೇಳಿದರೆ ಅತ್ತೆ, “ಗಂಟೆಗೊಂದು ಸಲ ಹೊಡ್ಕೊಳ್ಳೋ ಗಡಿಯಾರ ನೋಡಿದ್ದೆ, ಅಂಥ ಹೃದಯ ನೋಡಿರಲಿಲ್ಲ,” ಎಂದರು. ಎಂದವರೇ ಸೊಸೆಯ ಕೈಯಿಂದ ನೀರಿನ ಕೊಡ ಕಿತ್ತುಕೊಂಡರು. ಗಂಡ ಮರುದಿನ ಬೆಳಿಗ್ಗೆ ಭಟ್ಟಿಯಿಂದ ಬಂದವರು ಮಲಗುವ ಬದಲು ಬಟ್ಟೆ ಒಗೆದು ಹಾಕಿದರು.

“ಅವರು ಬಟ್ಟೆ ಒಗೆದಿದ್ದು ನೋಡಿ ನನಗೆ ನಿಜವಾಗ್ಲೂ ಭಯ ಆಯ್ತು,” ಎಂದು ಬ್ರೆಡ್ಡಕ್ಕ ನಗುತ್ತಾರೆ. ನಗು ಬೇಗ ಇಳಿಯುತ್ತದೆ. “ಮಲಗಿದ್ರೆ ಕೈ ತಾನೇ ಎದೆ ಮೇಲೆ ಹೋಗೋದು. ಒಂದು ಬಡಿತ ಆದ್ಮೇಲೆ ಇನ್ನೊಂದು ಬರುತ್ತೋ ಇಲ್ವೋ ಅಂತ ಕಾಯೋದು. ಬಂದ್ರೆ ಬಂತಲ್ಲ ಅಂತ ಸಮಾಧಾನ, ಮತ್ತೆ ಮುಂದಿಂದಕ್ಕೆ ಕಾಯೋದು. ಇಷ್ಟು ವರ್ಷ ಅದು ಅಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ ನನಗೆ.”

ಇಂದು ಆ ಮರುಪರೀಕ್ಷೆಯ ದಿನ. ಕೊನೆಯ ಬ್ರೆಡ್ಡು ಕವರಿಗೆ ಹೋದದ್ದೇ ತಡ, ಕೈ ಕೊಡವಿ ಸೈಕಲ್ಲು ತಳ್ಳಿಕೊಂಡು ಮನೆಗೆ ನಡೆಯುತ್ತಾರೆ. ಅತ್ತೆ ಸೊಸೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದ್ದಾರೆ. ಅತ್ತೆಯ ಲೆಕ್ಕ ಸರಳ: ಅರವತ್ತಕ್ಕೆ ಪಾಸು, ಸೊಸೆಗೆ ಹನ್ನೆರಡು ಕಡಿಮೆ ಬಿದ್ದಿದೆ. ಕಷ್ಟಪಟ್ಟರೆ ಬರದೇ ಏನು?

“ಒಲೆ ಊದಿದ್ರೆ ಉರಿ ಏಳಲ್ವಾ? ಹಾಗೇನೇ. ಕುಡಿ,” ಎಂದು ಅತ್ತೆ ಹಾಲಿಲ್ಲದ ಕಾಫಿ ಲೋಟ ಮುಂದಿಡುತ್ತಾರೆ. ಒಂದು ಮುಗಿಯುತ್ತಲೇ ಇನ್ನೊಂದು.

“ಕಹಿ, ಅತ್ತೆ.”

“ಪರೀಕ್ಷೆ ಅಂದ್ರೆ ಪಾಯಸ ಕೊಡ್ತಾರಾ? ಕುಡಿಯೇ ಸುಮ್ನೆ.”

ಆಸ್ಪತ್ರೆ ಇರುವುದು ಗುಡ್ಡದ ಅರ್ಧಕ್ಕೆ. ಬ್ರೆಡ್ಡಕ್ಕ ಖಾಲಿ ಪೆಟ್ಟಿಗೆಯ ಸೈಕಲ್ಲನ್ನು ಎಲ್ಲೂ ಇಳಿಯದೆ, ಸೀಟಿನ ಮೇಲೆ ಕೂರದೆ, ನಿಂತೇ ತುಳಿದು ಹತ್ತಿಸುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಒಳಗೆ ಹೋಗಿ ಕೂತರೆ ಕಷ್ಟಪಟ್ಟು ಎಬ್ಬಿಸಿದ್ದು ಮತ್ತೆ ಮಲಗಿಬಿಡುತ್ತದೆ ಎಂಬ ಭಯ. ತಮ್ಮ ಸರದಿ ಬರುವವರೆಗೂ ಆಸ್ಪತ್ರೆಯ ಮೆಟ್ಟಿಲನ್ನು ಹತ್ತುವುದು, ಇಳಿಯುವುದು, ಹತ್ತುವುದು. ಬೆಂಚಿನ ಮೇಲೆ ಕೂತ ಅಜ್ಜನೊಬ್ಬ ನೋಡಿ ನೋಡಿ ಸಾಕಾಗಿ ಕೇಳುತ್ತಾನೆ, “ಏನಮ್ಮಾ, ಏನಾದ್ರೂ ಕಳ್ಕೊಂಡ್ಯಾ?”

“ಹೌದಜ್ಜಾ, ಹನ್ನೆರಡು ಕಳ್ಕೊಂಡಿದೀನಿ. ಹುಡುಕ್ತಾ ಇದೀನಿ!”

ಒಳಗಿನಿಂದ ಹೆಸರು ಕೂಗಿದ ಕೂಡಲೇ ಓಡಿಹೋಗಿ ಕುರ್ಚಿಯಲ್ಲಿ ಕೂತು ಬೆರಳು ಮುಂದೆ ಚಾಚುತ್ತಾರೆ. ಸಿಸ್ಟರ್ ಯಂತ್ರ ಸಿಕ್ಕಿಸುತ್ತಾರೆ. ನೂರ ಇಪ್ಪತ್ತಾರು.

“ಪಾಸಾ ಸಿಸ್ಟರ್?” ಮಾತಿಗಿಂತ ಏದುಸಿರೇ ಜಾಸ್ತಿ.

ಸಿಸ್ಟರ್ ಹಳೆಯ ಚೀಟಿ ನೋಡುತ್ತಾರೆ, ಯಂತ್ರ ನೋಡುತ್ತಾರೆ, ಎದುರಿನ ಬೆವರಿದ ಮುಖ ನೋಡುತ್ತಾರೆ. “ಹೋದ ವಾರ ನಲವತ್ತೆಂಟು, ಇವತ್ತು ನೂರ ಇಪ್ಪತ್ತಾರು. ಅಮ್ಮಾ, ನಿಮ್ಮ ಹಿಂದೆ ನಾಯಿ ಏನಾದ್ರೂ ಬಿದ್ದಿತ್ತಾ?”

“ಅದೆಲ್ಲ ಇರಲಿ, ನೀವು ಬರ್ಕೊಳ್ಳಿ. ಬೇಗ ಬರ್ಕೊಳ್ಳಿ!”

ಯಾಕೆ ಅವಸರ ಎಂದರೆ ಯಂತ್ರದ ಅಂಕೆ ಆಗಲೇ ಇಳಿಯತೊಡಗಿದೆ. ನೂರ ಹತ್ತು. ತೊಂಬತ್ತಾರು. ಬ್ರೆಡ್ಡಕ್ಕ ಅದನ್ನೇ ನೋಡುತ್ತಿದ್ದಾರೆ, ಕಷ್ಟಪಟ್ಟು ಗುಡ್ಡ ಹತ್ತಿಸಿದ ಗಾಡಿ ಹಿಂದಕ್ಕೆ ಜಾರುವುದನ್ನು ನೋಡುವ ಹಾಗೆ. ಎಂಬತ್ತು. ಎಪ್ಪತ್ತೆರಡು. “ಸಿಸ್ಟರ್, ದಯವಿಟ್ಟು, ಇಲ್ಲೇ ನಿಲ್ಲಿಸಿ. ಇಷ್ಟು ಸಾಕು. ಇದು ಅರವತ್ತರ ಮೇಲೇ ಇದೆಯಲ್ಲ!” ಇನ್ನೊಂದು ಕೈಯಿಂದ ಯಂತ್ರದ ಅಂಕೆಯನ್ನು ಮುಚ್ಚಿ ಹಿಡಿಯುತ್ತಾರೆ. “ಕಡಿಮೆ ಬಂದ್ರೆ ನನ್ನ ಏರು ಹೋಗುತ್ತೆ, ಸಿಸ್ಟರ್.”

ಸಿಸ್ಟರ್ ನಗುವುದನ್ನು ನಿಲ್ಲಿಸುತ್ತಾರೆ. ಯಂತ್ರ ಬಿಚ್ಚಿ ಪಕ್ಕಕ್ಕಿಟ್ಟು, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. “ಅಮ್ಮಾ, ಇದರಲ್ಲಿ ಹೆಚ್ಚು ಬಂದೋರು ಪಾಸು, ಕಡಿಮೆ ಬಂದೋರು ಫೇಲು ಅಂತ ಇಲ್ಲ. ನಾವು ನೋಡೋದು ಹೃದಯ ಆರಾಮಾಗಿ ಕೂತಾಗ ಎಷ್ಟು ಬಡ್ಕೊಳ್ಳುತ್ತೆ ಅಂತ. ಓಡಿ ಬಂದ್ರೆ, ಕಾಫಿ ಕುಡಿದ್ರೆ, ಹೆದರಿದ್ರೆ ಎಲ್ಲರದ್ದೂ ಜಾಸ್ತಿನೇ ಇರುತ್ತೆ. ಕಾಫಿ ಕುಡಿದ್ರಾ?”

“ಎರಡು ಲೋಟ. ಅತ್ತೆ ಮಾಡಿದ್ದು.”

“ಒಳ್ಳೆ ಅತ್ತೆ,” ಎನ್ನುತ್ತಾರೆ ಸಿಸ್ಟರ್. ಆಮೇಲೆ ಒಂದೊಂದೇ ಕೇಳುತ್ತಾರೆ. ತಲೆ ಸುತ್ತುತ್ತಾ? ಇಲ್ಲ. ಕಣ್ಣು ಕತ್ತಲೆ ಬಂದು ಬಿದ್ದಿದ್ದು ಉಂಟಾ? ಇಲ್ಲ. ಎದೆ ನೋವು, ಸುಮ್ಮನಿದ್ದಾಗ ಸುಸ್ತು, ಉಬ್ಬಸ? ಇಲ್ಲ. ಯಾವುದಾದರೂ ಮಾತ್ರೆ ತಗೊಳ್ತೀರಾ? “ಬ್ರೆಡ್ಡು ತಗೊಳ್ತೀನಿ, ಮುರಿದಿದ್ದು.” ಏನು ಕೆಲಸ? ಏರು. ಎಷ್ಟು ವರ್ಷದಿಂದ? ಬ್ರೆಡ್ಡಕ್ಕ ಲೆಕ್ಕ ಹಾಕಿ ಬಿಟ್ಟುಬಿಡುತ್ತಾರೆ. “ದೊಡ್ಡ ಮಗಳು ಹುಟ್ಟೋಕೆ ಮುಂಚಿನಿಂದ. ಅವಳಿಗೇ ಈಗ ಮಕ್ಕಳಿದಾವೆ.”

ಸಿಸ್ಟರ್ ಅವರನ್ನು ಹಾಗೇ ಬಹಳ ಹೊತ್ತು ಕೂರಿಸುತ್ತಾರೆ. ಮಾತೂ ಆಡಬೇಡಿ ಎನ್ನುತ್ತಾರೆ. ಕಿಟಕಿಯಾಚೆ ಯಾರೋ ಬಕೆಟ್ ತೊಳೆಯುವ ಸದ್ದು. ಬೆವರು ಆರಿದ ಮೇಲೆ ಅವರ ಮಣಿಕಟ್ಟನ್ನು ತಮ್ಮ ಮಡಿಲಿಗೆ ತಂದುಕೊಂಡು, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತಾ ಒಂದು ಪೂರ್ತಿ ನಿಮಿಷ ಎಣಿಸುತ್ತಾರೆ. ಐವತ್ತೆರಡು.

“ಕಾಫಿ ಇನ್ನೂ ಇಳಿದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡೋ ಮುಂಚೆ ಎಣಿಸಿದ್ರೆ ನಿಮ್ಮದು ನಲವತ್ತೆಂಟೇ ಇರುತ್ತೆ ಅನ್ಸುತ್ತೆ. ದಿನದಿಂದ ದಿನಕ್ಕೆ ಒಂದೆರಡು ಆಚೀಚೆ ಆಗುತ್ತೆ, ಅದು ಸಹಜ. ಕೇಳಿ. ಅರವತ್ತರಿಂದ ನೂರು ಅನ್ನೋದು ಸಾಮಾನ್ಯವಾಗಿ ಎಲ್ಲರಿಗೂ ಹೇಳೋ ಮಾತು. ವರ್ಷಗಟ್ಟಲೆ ಸೈಕಲ್ ತುಳಿದೋರು, ಓಡೋರು, ಅವರ ಹೃದಯಕ್ಕೆ ಬಲ ಬಂದಿರುತ್ತೆ. ಒಂದು ಸಲ ಒತ್ತಿದ್ರೆ ಜಾಸ್ತಿ ರಕ್ತ ತಳ್ಳುತ್ತೆ. ಹಾಗಾಗಿ ಸುಮ್ನೆ ಕೂತಾಗ ಪದೇ ಪದೇ ಒತ್ತೋ ಕೆಲಸ ಇರಲ್ಲ.”

ಬ್ರೆಡ್ಡಕ್ಕ ಎರಡೂ ಕೈಯಿಂದ ಗಾಳಿ ಒತ್ತುವ ಹಾಗೆ ಮಾಡಿ ತೋರಿಸುತ್ತಾರೆ. “ಸೈಕಲ್ ಪಂಪಿನ ಹಾಗೆ. ದೊಡ್ಡ ಪಂಪಾದ್ರೆ ನಾಲ್ಕು ಸಲ ಒತ್ತಿದ್ರೆ ಚಕ್ರ ಗಟ್ಟಿ. ಸಣ್ಣದಾದ್ರೆ ಒತ್ತಿ ಒತ್ತಿ ನಮ್ಮ ಕೈ ಬಿದ್ದುಹೋಗುತ್ತೆ.”

“ಅದೇ ಅಮ್ಮಾ. ಆದ್ರೆ ನಿಮ್ಮದು ಹಾಗೇ ಅಂತ ನಾನು ಬರೀ ಬಾಯಲ್ಲಿ ಹೇಳೋ ಹಾಗಿಲ್ಲ. ಇದೇ ನಲವತ್ತೆಂಟು, ತಲೆ ಸುತ್ತಿ ಬೀಳೋರಿಗೆ ಬಂದಿದ್ರೆ ಅದು ಬೇರೆ ಕಥೆ. ಸುಮ್ನೆ ಕೂತಾಗ ದಿನಾ ನೂರು ದಾಟಿದ್ರೂ ತೋರಿಸ್ಬೇಕು. ಡಾಕ್ಟರ್ ಇಸಿಜಿ ನೋಡ್ಲಿ.”

ಎದೆಗೆ ತಂತಿ ಅಂಟಿಸಿಕೊಂಡು ಮಲಗಿದಾಗ ಬ್ರೆಡ್ಡಕ್ಕ ಕಣ್ಣು ಮುಚ್ಚಿಕೊಂಡಿದ್ದರಂತೆ, ಹೃದಯಕ್ಕೆ ಏನೂ ಹೇಳಿಕೊಡದೆ. “ನಿನ್ನಿಷ್ಟ ಬಂದ ಹಾಗೆ ಬಡ್ಕೋ ಅಂತ ಬಿಟ್ಟುಬಿಟ್ಟೆ.” ಡಾಕ್ಟರು ಇಸಿಜಿಯ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಸ್ಟೆತಸ್ಕೋಪ್ ಇಟ್ಟು ಕೇಳಿ, ಇದು ದುಡಿದ ಹೃದಯ, ಕೆಲಸಕ್ಕೆ ಏನೂ ಅಡ್ಡಿಯಿಲ್ಲ ಎಂದು ಬರೆದುಕೊಡುತ್ತಾರೆ. ತಲೆ ಸುತ್ತಿದರೆ ಮಾತ್ರ ತಡ ಮಾಡದೆ ಬರಬೇಕು ಎನ್ನುತ್ತಾರೆ. ಇನ್ನು ಮೇಲೆ ಪರೀಕ್ಷೆಗೆ ಬರುವಾಗ ನಡೆದುಕೊಂಡು ಬನ್ನಿ ಎಂದೂ ಸೇರಿಸುತ್ತಾರೆ.

ಇಳಿಜಾರಿನಲ್ಲಿ ಸೈಕಲ್ಲು ತನ್ನಷ್ಟಕ್ಕೆ ಓಡುತ್ತದೆ. ಮನೆಯ ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದಾರೆ. ವಿಷಯ ಕೇಳಿದವರೇ, “ಗೊತ್ತಿತ್ತು ನನಗೆ. ನಾನು ಕ್ಯಾರಿಯರ್ ಹಿಡ್ಕೊಂಡು ಓಡಿ ಕಲಿಸಿದ ಸೈಕಲ್ ಅದು,” ಎಂದು ಒಳಗೆ ಹೋಗುತ್ತಾರೆ. ಹೋಗುವಾಗ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಹಿಂದಿನಿಂದಲೂ ಕಾಣುತ್ತದೆ.

ಬೇಕರಿಯಲ್ಲಿ ಚಿಕ್ಕ ಯಜಮಾನರು ಡಾಕ್ಟರರ ಚೀಟಿಯನ್ನು ಎರಡು ಸಲ ಓದುತ್ತಾರೆ. ಅವರ ಮುಖವೂ ಹಗುರಾಗಿದೆ. ಮನುಷ್ಯ ಒಳ್ಳೆಯವರು, ಇನ್ನೂ ಒಂದು ಮಾತು ಹೇಳದೆ ಬಿಡುವುದಿಲ್ಲ. “ನಾಳೆಯಿಂದ ಏರು ನಿಮ್ಮದೇ ಅಕ್ಕಾ. ಆದ್ರೂ ಕೇಳ್ತೀನಿ. ಮೇಜಿನ ಕೆಲಸ ನೆರಳಲ್ಲಿದೆ, ಸಂಬಳವೂ ಅದೇ. ಇಷ್ಟು ವರ್ಷ ತುಳಿದಿದ್ದು ಸಾಕಾಗಿಲ್ವಾ? ಆರಾಮಾಗಿ ಕೂತ್ಕೋಬಹುದಲ್ಲ?”

ಬ್ರೆಡ್ಡಕ್ಕ ಪೆಟ್ಟಿಗೆಯ ಒಳಗೆ ಉದುರಿದ ಪುಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ಕೈ ನಿಲ್ಲಿಸುವುದಿಲ್ಲ.

“ಏರು ಬಿಟ್ಟು ಕೂತ್ರೆ ಈ ಬಡಿತ ಬರಬರ್ತಾ ಎಲ್ಲರ ಹಾಗೆ ಎಪ್ಪತ್ತು ಎಂಬತ್ತು ಆಗುತ್ತಂತೆ, ಡಾಕ್ಟರು ಹೇಳಿದ್ರು ಯಜಮಾನ್ರೇ. ಆಗ್ಲಿ, ಅದೂ ತಪ್ಪಲ್ಲವಂತೆ. ಆದ್ರೆ ಮನೆ ಮಾವ ಕಟ್ಟಿಸಿದ್ದು, ಸೈಕಲ್ ಬೇಕರಿದು. ಈ ನಲವತ್ತೆಂಟು ಒಂದೇ ನಾನೇ ದುಡಿದು ಮಾಡ್ಕೊಂಡಿದ್ದು.”